ಲೆಸ್ಟರಿನಲ್ಲಿ ಹುಟ್ಟಿದ ಯಾಮಿನಿ

ಯಾಮಿನಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಅವಳ ಗಂಡ ಪ್ರತಾಪನ ಮೇಲೆ, ಅಮೆರಿಕದ ವರ್ಜೀನಿಯಾದಲ್ಲಿ ಆಲ್ಡಿ ಎಂಬ ಊರಿನ ನಮ್ಮ ಇಡೀ ಕನ್ನಡ ಬಳಗದ ಮೇಲೆ, ಮತ್ತೆ ಆ ಬಳಗದಲ್ಲಿ ಒಬ್ಬಳಾದ ನನ್ನ ಮೇಲೂ. ಒಬ್ಬ ಒಳ್ಳೆಯ ನಟಿಯನ್ನು ನಾವೆಲ್ಲ ಸೇರಿ ಏಳು ವರ್ಷ ಮನೆಯಲ್ಲಿ ಕೂರಿಸಿದೆವು. ನಮ್ಮಲ್ಲಿ ಓದದವರು ಯಾರೂ ಇಲ್ಲ. ಮನೆಗೆ ಎರಡರಂತೆ ಮಾಸ್ಟರ್ಸ್ ಡಿಗ್ರಿಗಳಿವೆ. ಅದನ್ನು ನೆನೆಸಿಕೊಂಡಾಗಲೇ ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುವುದು.

ಯಾಮಿನಿ ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ತಂದೆ ವೇಣುಗೋಪಾಲ ಮೈಸೂರಿನ ಸರಸ್ವತಿಪುರಂನವರು, ಲೆಸ್ಟರಿನ ಔಷಧಿ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್ ಆಗಿದ್ದರು. ಜೊತೆಗಿದ್ದ ಅಜ್ಜಿ ಮಲ್ಲಮ್ಮ ಇಂಗ್ಲಿಷ್ ಕಲಿಯುವುದಿಲ್ಲ ಎಂದು ಹಟ ಹಿಡಿದದ್ದರಿಂದ ಮೊಮ್ಮಗಳು ಕನ್ನಡ ಕಲಿತಳು. ಅದೂ ಎಂಥ ಕನ್ನಡ! ಐವತ್ತು ವರ್ಷದ ಹಿಂದಿನ ಮೈಸೂರಿನ ಕನ್ನಡ. ‘ತಾವು ಕೂರಿ, ನಾನು ನೀರು ತರುತ್ತೇನೆ’ ಎಂದು ಅವಳು ಅಂದರೆ ಇಲ್ಲಿನ ಮಕ್ಕಳು ಬಿಡಿ, ಅವರ ಅಪ್ಪಂದಿರೇ ಒಂದು ಕ್ಷಣ ತಬ್ಬಿಬ್ಬಾಗುತ್ತಿದ್ದರು. ಅವಳ ಈ ಕನ್ನಡವೇ ನಮಗೆಲ್ಲ ಮೋಸ ಮಾಡಿತು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಲಂಡನ್ನಿನ ನಾಟಕಶಾಲೆಯಲ್ಲಿ ಕಲಿತು ಹೊರಬಂದವಳು ಮೊದಲ ಮೂರು ವರ್ಷ ತಿರುಗಾಟದ ಕಂಪನಿಗಳಲ್ಲಿ ತಟ್ಟೆ ಹಿಡಿದು ಬರುವ ದಾಸಿಯಾದಳು. ಆಮೇಲೆ ರಾಣಿಯ ಸಖಿ, ಅದಾದ ಮೇಲೆ ಒಂದೆರಡು ಸಲ ರಾಣಿ. ಟೀವಿಯಲ್ಲಿ ನಾಲ್ಕು ಸಲ ನರ್ಸು, ಎರಡು ಸಲ ಡಾಕ್ಟರು, ಒಮ್ಮೆ ಹೆಣ. ಮಕ್ಕಳ ಕಾರ್ಟೂನ್ ಒಂದರಲ್ಲಿ ಮೂರು ವರ್ಷ ಸಿಡುಕು ಬಾತುಕೋಳಿಗೆ ದನಿ ಕೊಟ್ಟಳು. ಬೀದಿಯಲ್ಲಿ ಯಾರೂ ಅವಳ ಮುಖ ಗುರುತಿಸುತ್ತಿರಲಿಲ್ಲವಂತೆ, ಆದರೆ ಅಂಗಡಿಯಲ್ಲಿ ಬ್ರೆಡ್ ಕೇಳಿದರೆ ಸಾಕು, ಪಕ್ಕದಲ್ಲಿರುವ ಮಗು ತಟ್ಟನೆ ತಿರುಗಿ ನೋಡುತ್ತಿತ್ತಂತೆ. ದೊಡ್ಡ ಹೆಸರಲ್ಲ, ಆದರೆ ಕೆಲಸ ನಿಂತದ್ದೇ ಇಲ್ಲ. ಒಂದು ಮುಗಿಯುವ ಮೊದಲು ಇನ್ನೊಂದು ಬರುತ್ತಿತ್ತು. ನಟಿಯರಿಗೆ ಅದಕ್ಕಿಂತ ದೊಡ್ಡ ಭಾಗ್ಯ ಇಲ್ಲ ಎಂದು ಅವಳೇ ಹೇಳುತ್ತಿದ್ದಳು.

2017ರಲ್ಲಿ, ಸೋದರತ್ತೆಯ ಮಗಳ ಮದುವೆಗೆಂದು ಮೈಸೂರಿಗೆ ಹೋದಾಗ ಪ್ರತಾಪ ಸಿಕ್ಕಿದ. ಮೈಸೂರಿನವನೇ, ಆಲ್ಡಿಗೆ ಹತ್ತಿರದ ರೆಸ್ಟನ್ನಿನಲ್ಲಿ ಸಾಫ್ಟ್‌ವೇರ್ ಕೆಲಸ, ನಗುಮುಖ, ಪಾತ್ರೆ ತೊಳೆಯಲು ಬೇಸರಪಡದವನು. ಅದೇ ವರ್ಷ ಮದುವೆಯಾಗಿ ಅವನ ಹಿಂದೆ ವರ್ಜೀನಿಯಾಕ್ಕೆ ಬಂದಳು. ಅಮೆರಿಕದಲ್ಲಿ ತನ್ನ ದನಿಗೂ ಮುಖಕ್ಕೂ ಕೆಲಸ ಇದ್ದೇ ಇರುತ್ತದೆ ಎಂಬ ಧೈರ್ಯ ಅವಳಿಗಿತ್ತು.

ಕೆಲಸ ಇತ್ತು, ಮಾಡುವ ಹಾಗಿರಲಿಲ್ಲ. ಅವಳು ಬಂದದ್ದು ಗಂಡನ ವೀಸಾದ ಬೆನ್ನಿಗೆ ಅಂಟಿಸಿದ ಹೆಂಡತಿಯ ವೀಸಾದಲ್ಲಿ. ಅಂಥವರು ದುಡಿಯಬೇಕಾದರೆ ಬೇರೆಯದೇ ಒಂದು ಕಾರ್ಡು ಬೇಕು. ಮೊದಲ ಕಾರ್ಡು ಬರಲೇ ಒಂದೂವರೆ ವರ್ಷ ಹಿಡಿಯಿತು. ಗಂಡನ ವೀಸಾ ಮುಗಿದ ದಿನ ಕಾರ್ಡೂ ಸಾಯುತ್ತದೆ, ಹೊಸದಕ್ಕೆ ಮತ್ತೆ ಕಾಯಬೇಕು. ಈ ಗೋಳೆಲ್ಲ ತಪ್ಪಬೇಕಾದರೆ ಗ್ರೀನ್ ಕಾರ್ಡ್ ಬರಬೇಕು. ಇಂಡಿಯಾದವರಿಗೆ ಅದರ ಸರತಿ ಎಷ್ಟು ಉದ್ದವೆಂದರೆ, ಪ್ರತಾಪ ನಿಂತದ್ದು 2014ರ ನವೆಂಬರಿನಲ್ಲಿ, ಆ ಸರತಿಯಲ್ಲಿ ಇವತ್ತಿಗೂ ಅವನ ದಿನಾಂಕ ಬಂದಿಲ್ಲ.

ಹಾಗೆಂದು ಪ್ರತಾಪ ಸುಮ್ಮನೆ ಕೂತವನಲ್ಲ. ಗ್ರೀನ್ ಕಾರ್ಡಿನ ವಿಚಾರದಲ್ಲಿ ಅವನೇ ನಮ್ಮ ಆಲ್ಡಿಯ ಪಂಡಿತ. ಸರಕಾರ ತಿಂಗಳಿಗೊಮ್ಮೆ ಯಾವ ದೇಶದವರ ಸರತಿ ಎಲ್ಲಿಗೆ ಬಂತು ಎಂಬ ಪಟ್ಟಿ ಹೊರಡಿಸುತ್ತದೆ. ಅದು ಬಂದ ಹತ್ತು ನಿಮಿಷದಲ್ಲಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವನ ವಿಶ್ಲೇಷಣೆ ಬರುತ್ತಿತ್ತು. ಇಂಡಿಯಾದ ಕಾಲಮ್ಮು ಈ ತಿಂಗಳು ಎರಡು ವಾರ ಮುಂದೆ ಹೋಯಿತು, ಮುಂದಿನ ತಿಂಗಳು ನಿಲ್ಲಬಹುದು, ಅಕ್ಟೋಬರಿನಲ್ಲಿ ಜಿಗಿಯಬಹುದು. ಒಂದೇ ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ಬೇರೆ ದೇಶಗಳ ಕಾಲಮ್ಮುಗಳೂ ಇವೆ. ಅತ್ತ ಯಾರ ಕಣ್ಣೂ ಹೋಗುತ್ತಿರಲಿಲ್ಲ.

ನನಗೆ ಯಾಮಿನಿ ಹತ್ತಿರವಾದದ್ದು 2020ರಲ್ಲಿ. ನಾನು ರಾಜಲಕ್ಷ್ಮಿ, ಅವರ ಮನೆಯಿಂದ ಮೂರನೇ ಮನೆ. ಸರತಿಗಳು ಇಷ್ಟು ಉದ್ದವಾಗುವ ಮೊದಲೇ ಬಂದು ಇಲ್ಲಿನ ಪ್ರಜೆಯಾದವಳು. ಗ್ರಂಥಾಲಯದಲ್ಲಿ ಕೆಲಸ, ಆಗ ಅದಕ್ಕೂ ಬೀಗ ಬಿದ್ದಿತ್ತು. ಒಂದು ಬೆಳಿಗ್ಗೆ ಯಾಮಿನಿ ಮಾಸ್ಕು ಹಾಕಿಕೊಂಡು ಬಾಗಿಲು ತಟ್ಟಿದಳು.

“ರಾಜಕ್ಕ, ತಮಗೆ ಅರ್ಧ ಗಂಟೆ ಬಿಡುವಿದೆಯೇ? ನನಗೆ ಒಬ್ಬ ಕೊಲೆಗಾರ ಬೇಕು.”

ಆ ವರ್ಷದಿಂದ ಪಾತ್ರಗಳಿಗೆ ಪರೀಕ್ಷೆ ಕೊಡುವುದೆಲ್ಲ ಮನೆಯಿಂದಲೇ ಆಯಿತು. ನೆಲಮಾಳಿಗೆಯಲ್ಲಿ ನೀಲಿ ಬೆಡ್‌ಶೀಟ್ ಕಟ್ಟಿ, ಅದರ ಮುಂದೆ ನಿಂತು ತನ್ನ ಮಾತನ್ನು ಹೇಳಿ, ವಿಡಿಯೋ ಮಾಡಿ ಕಳಿಸಬೇಕು. ಎದುರಿನ ಪಾತ್ರದ ಮಾತನ್ನು ಕ್ಯಾಮೆರಾದ ಹಿಂದೆ ಯಾರಾದರೂ ಓದಬೇಕು. ಹೀಗೆ ನಾನು ಕೊಲೆಗಾರನಾದೆ, ನ್ಯಾಯಾಧೀಶನಾದೆ, ಹೆಂಡತಿಗೆ ಮೋಸ ಮಾಡುವ ಗಂಡನಾದೆ. ನನ್ನ ಇಂಗ್ಲಿಷಿನಲ್ಲಿ ಆ ಕೊಲೆಗಾರ ದೇವರಾಜ ಮಾರುಕಟ್ಟೆಯಲ್ಲಿ ಬೆಂಡೆಕಾಯಿ ಮುರಿದು ನೋಡುವವನಂತೆ ಕೇಳಿಸುತ್ತಿದ್ದ. ಅವಳು ಮಾತ್ರ ನನ್ನ ಮುಖ ನೋಡಿ ನಿಜವಾಗಿ ನಡುಗುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು. ರೆಕಾರ್ಡಿಂಗ್ ನಿಂತ ಕೂಡಲೇ ಕಣ್ಣೊರೆಸಿಕೊಂಡು, ‘ಇನ್ನೊಂದು ಸಲ ಮಾಡೋಣ, ನನ್ನದು ಸ್ವಲ್ಪ ಅತಿಯಾಯಿತು’ ಅನ್ನುತ್ತಿದ್ದಳು. ಅವತ್ತೇ ನನಗೆ ಗೊತ್ತಾಯಿತು, ಇವಳು ನಮ್ಮ ನಡುವೆ ವ್ಯರ್ಥವಾಗುತ್ತಿದ್ದಾಳೆ ಎಂದು.

ಆ ಒಂದು ವರ್ಷ ಅವಳಿಗೆ ಚೆನ್ನಾಗಿತ್ತು. ಆಗ ಕಾರ್ಡಿಗೆ ಜೀವವಿತ್ತು. ಅಮೆರಿಕದ ಡರ್ಹಮ್‌ನ ಒಂದು ಸ್ಟುಡಿಯೋ ಅವಳಿಂದ ಪತ್ತೇದಾರಿ ಕಾದಂಬರಿಗಳನ್ನು ಓದಿಸಿ ಆಡಿಯೋ ಪುಸ್ತಕ ಮಾಡುತ್ತಿತ್ತು. ಒಟ್ಟು ಒಂಬತ್ತು ಪುಸ್ತಕದ ಸರಣಿ. ಹೊರಗಿನ ಸದ್ದು ಬೀಳಬಾರದೆಂದು ಬಟ್ಟೆ ಇಡುವ ಕೋಣೆಯಲ್ಲಿ ಕೂತು ಎರಡು ಪುಸ್ತಕ ಓದಿ ಮುಗಿಸಿದಳು. ಮೂರನೆಯದು ಶುರುವಾಗುವ ಹೊತ್ತಿಗೆ, 2021ರ ಆಗಸ್ಟಿನಲ್ಲಿ ಕಾರ್ಡು ಸತ್ತಿತು. ಹೊಸದು ಬರಲು ಹನ್ನೊಂದು ತಿಂಗಳು. ತನ್ನ ಮನೆಯ ಬಟ್ಟೆಕೋಣೆಯಲ್ಲಿ, ತನ್ನ ಬಾಯಿಂದ, ದುಡ್ಡಿಗಾಗಿ ಒಂದು ಸಾಲು ಓದಿದರೂ ಅದು ಅಪರಾಧ. ಸ್ಟುಡಿಯೋದವರು ಮೂರು ತಿಂಗಳು ಕಾದು ಉಳಿದ ಏಳು ಪುಸ್ತಕವನ್ನು ಬೇರೊಬ್ಬಳಿಗೆ ಕೊಟ್ಟರು. ಅದೇ ಅವಧಿಯಲ್ಲಿ ಅಟ್ಲಾಂಟಾದಲ್ಲಿ ತೆಗೆಯುವ ಒಂದು ಪೊಲೀಸ್ ಧಾರಾವಾಹಿಯಲ್ಲಿ ಅವಳು ಆಯ್ಕೆಯಾದಳು. ಅಧಿಕಾರಿಯ ಪಾತ್ರ, ಕೈಯಲ್ಲಿ ಪಿಸ್ತೂಲು, ಎಂಟು ಕಂತು. ಕಾರ್ಡು ಎಲ್ಲಿ ಎಂದು ಕೇಳಿದರು. ಕಾರ್ಡಿಲ್ಲ ಅಂದಳು. ಅಲ್ಲಿಗೆ ಮುಗಿಯಿತು.

ಆ ದಿನ ಪ್ರತಾಪ ಅವಳಿಗೆ ಸಮಾಧಾನ ಹೇಳಿದ್ದನ್ನು ನಾನೇ ಕೇಳಿದ್ದೇನೆ. “ಡೇಟ್ ಮೂವ್ ಆಗ್ತಿದೆ ಯಾಮಿನಿ. ಜಸ್ಟ್ ವೇಟ್ ಮಾಡು. ಎಲ್ಲರೂ ವೇಟ್ ಮಾಡ್ತಿದಾರಲ್ವಾ.”

ಎಲ್ಲರೂ ಕಾಯುತ್ತಿದ್ದಾರೆ ಅನ್ನುವುದು ನಮ್ಮ ಬಳಗದಲ್ಲಿ ದೊಡ್ಡ ಮದ್ದು. ಅದನ್ನು ಕುಡಿದವರು ಮುಂದಕ್ಕೆ ಪ್ರಶ್ನೆ ಕೇಳುವುದಿಲ್ಲ. ಯಾಮಿನಿಯೂ ಕೇಳಲಿಲ್ಲ. ಕಾಗದ ಪತ್ರವೆಂದರೆ ಅವಳಿಗೆ ಮೊದಲಿನಿಂದ ಅಲರ್ಜಿ. ತೋರಿಸಿದ ಕಡೆ ಸಹಿ ಹಾಕಿ ಪೆನ್ನು ಕೆಳಗಿಡುತ್ತಿದ್ದಳು. ನಟನೆಯಲ್ಲಿ ಒಂದು ಉಸಿರು ಹೆಚ್ಚುಕಡಿಮೆಯಾದರೂ ಹತ್ತು ಸಲ ಮಾಡುವವಳು ತನ್ನ ಬದುಕಿನ ಫಾರಂ ಅನ್ನು ಒಂದು ಸಲವೂ ಓದಲಿಲ್ಲ. ಆ ವಿಷಯದಲ್ಲಿ ಅವಳನ್ನೂ ಗದರಬೇಕು ಅನ್ನಿಸಿದ್ದಿದೆ.

2022ರ ಜುಲೈಯಲ್ಲಿ ಕಾರ್ಡು ಬಂದಾಗ ಕರೆಯುವವರೇ ಇರಲಿಲ್ಲ. ಇಲ್ಲ ಎಂದು ಎರಡು ಸಲ ಹೇಳಿದವಳನ್ನು ಏಜೆಂಟು ಮೂರನೇ ಸಲ ಕರೆಯುವುದಿಲ್ಲ. ಮರುವರ್ಷ ಇಡೀ ಉದ್ಯಮವೇ ಮುಷ್ಕರ ಹೂಡಿತು. ಈ ಮಧ್ಯೆ ಅವಳ ದನಿಯನ್ನು ಬಿಡದೆ ಬಳಸಿಕೊಂಡವರು ನಾವು. ಯುಗಾದಿ, ರಾಜ್ಯೋತ್ಸವ, ದೀಪಾವಳಿ, ಎಲ್ಲದಕ್ಕೂ ಮೈಕು ಅವಳ ಕೈಗೆ. ಬ್ರಿಟಿಷ್ ಆಕ್ಸೆಂಟಿನಲ್ಲಿ ಏನಾದರೂ ಹೇಳಿ ಆಂಟಿ ಎಂದು ಮಕ್ಕಳು ದುಂಬಾಲು ಬೀಳುತ್ತಿದ್ದರು. ದೊಡ್ಡವರೂ ನಿಂತು ನಗುತ್ತಿದ್ದರು. ಅವಳು ಇಂಗ್ಲೆಂಡಿನವಳು ಎನ್ನುವುದು ನಮಗೆ ತಮಾಷೆ ಬೇಕಾದಾಗಲೆಲ್ಲ ಚೆನ್ನಾಗಿ ನೆನಪಿರುತ್ತಿತ್ತು.

2024ರ ಮಾರ್ಚಿನಲ್ಲಿ, ನಾವಿಬ್ಬರೂ ಆಸೆ ಬಿಟ್ಟಿದ್ದ ಹೊತ್ತಿನಲ್ಲಿ, ಅವಳು ಕಳಿಸಿದ ಒಂದು ವಿಡಿಯೋ ಧಾರಾವಾಹಿಯವರಿಗೆ ಹಿಡಿಸಿತು. ಅಟ್ಲಾಂಟಾದಲ್ಲಿ ತೆಗೆಯುವ ಕುಟುಂಬದ ಕಥೆ, ಎರಡು ವರ್ಷ ನಡೆಯುವ ಧಾರಾವಾಹಿ. ಅದರಲ್ಲಿ ಅವಳಿಗೆ ಮೊದಲಿನಿಂದ ಕೊನೆಯವರೆಗೂ ಇರುವ ಪಾತ್ರ. ಚಿತ್ರೀಕರಣ ಅಕ್ಟೋಬರಿನಲ್ಲಿ. ಸೆಪ್ಟೆಂಬರ್ ಒಂದಕ್ಕೆ ಕೆಲಸದ ಕಾರ್ಡು ತೋರಿಸಬೇಕು, ಅದಕ್ಕೆ ಎರಡು ವರ್ಷವಾದರೂ ಆಯಸ್ಸಿರಬೇಕು ಎಂದು ಪತ್ರ ಬಂತು. ಅವಳ ಕಾರ್ಡು ಸಾಯುವುದು ಆಗಸ್ಟ್ ಮೂವತ್ತೊಂದಕ್ಕೆ. ಈ ಸಲ ಕೈತಪ್ಪಿದರೆ ನಟನೆ ಬಿಟ್ಟು ಯಾವುದಾದರೂ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದು ಎಂದು ತೀರ್ಮಾನ ಮಾಡಿಕೊಂಡಿದ್ದಳು. ಹೇಳುವಾಗ ಅಳಲಿಲ್ಲ. ನೀಲಿ ಬೆಡ್‌ಶೀಟನ್ನು ಮಡಿಸುತ್ತಾ ಹೇಳಿದಳು.

ಏಪ್ರಿಲಿನಲ್ಲಿ ಯುಗಾದಿ ಊಟ, ಕ್ಲಬ್‌ಹೌಸಿನಲ್ಲಿ. ಆ ವರ್ಷ ಡರ್ಹಮ್‌ನಿಂದ ಹೊಸದಾಗಿ ಬಂದಿದ್ದ ಬೆಂಗಳೂರಿನ ನಾಸಿರಾ ಮತ್ತು ಅವಳ ಗಂಡ ಅಕ್ಬರ್ ನಮ್ಮ ಮೇಜಿನಲ್ಲಿದ್ದರು. ಎದುರಿಗೆ ಪ್ರತಾಪ. ಮಾತು ಎಂದಿನಂತೆ ಗ್ರೀನ್ ಕಾರ್ಡಿಗೆ ತಿರುಗಿತು. ತಮಗೆ ಎರಡು ವರ್ಷದೊಳಗೆ ಬಂತು ಎಂದು ನಾಸಿರಾ ಸಂಕೋಚದಿಂದಲೇ ಹೇಳಿದಳು. ಅಕ್ಬರ್ ಹುಟ್ಟಿದ್ದು ಬಹರೈನಿನಲ್ಲಿ, ಅವನ ತಂದೆ ಅಲ್ಲಿ ಕೆಲಸದಲ್ಲಿದ್ದಾಗ. ಪ್ರತಾಪ ಎಲ್ಲರಿಗೂ ಬಿಡಿಸಿ ಹೇಳಿದ: ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದು ಲೆಕ್ಕಕ್ಕಿಲ್ಲ, ಹುಟ್ಟಿದ ದೇಶ ಯಾವುದೋ ಅದರ ಸರತಿ. ಹೇಳಿ ಒಬ್ಬಟ್ಟು ಮುರಿದ.

“ವೈಫ್ ಹುಟ್ಟಿದ ಕಂಟ್ರೀನೂ ಯೂಸ್ ಮಾಡ್ಬಹುದು, ಗೊತ್ತಾ?” ಎಂದಳು ನಾಸಿರಾ. “ಡರ್ಹಮ್‌ನಲ್ಲಿ ನಮ್ ಫ್ರೆಂಡ್ ಶ್ರೇಯಸ್ ಹಾಗೇ ಅಪ್ಲೈ ಮಾಡ್ದ. ಅವನ ವೈಫ್ ದುಬೈನಲ್ಲಿ ಹುಟ್ಟಿದ್ದು.”

ಅದೇ ಹೊತ್ತಿಗೆ ಮೈಕಿನಲ್ಲಿ ಯಾಮಿನಿಯ ದನಿ ಕೇಳಿಸಿತು. ಬೂದು ಬಣ್ಣದ ಮಿನಿವ್ಯಾನಿನ ದೀಪ ಉರಿಯುತ್ತಿದೆ, ದಯವಿಟ್ಟು ಆರಿಸಿ ಎಂದು ಲಂಡನ್ನಿನ ರಂಗಭೂಮಿಯ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನನ್ನ ಕೈಯ ಸೌಟು ಪುಳಿಯೋಗರೆಯಲ್ಲೇ ನಿಂತಿತು.

“ಪ್ರತಾಪ, ಯಾಮಿನಿ ಎಲ್ಲಿ ಹುಟ್ಟಿದ್ದು?” ಎಂದೆ.

“ಲೆಸ್ಟರ್. ಯಾಕೆ ಆಂಟಿ?”

ಅವನ ಮುಖವನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ. ಒಬ್ಬಟ್ಟು ಬಾಯಿಗಿಟ್ಟ, ಅಗಿದ. ಮೂರನೇ ಸಲ ಅಗಿಯುವಾಗ ದವಡೆ ನಿಂತಿತು. ನಾಸಿರಾ ಅವನನ್ನೂ ನನ್ನನ್ನೂ ನೋಡಿದಳು. ನೀರು ಕುಡಿದು ಅವನು ಹೇಳಿದ್ದು ಇಷ್ಟು: ತಾನು ಮುಖ್ಯ ಅರ್ಜಿದಾರ, ಇದು ತಮಗೆ ಅನ್ವಯಿಸುವುದಿಲ್ಲ, ಅನ್ವಯಿಸುವುದಾಗಿದ್ದರೆ ಕಂಪನಿಯ ವಕೀಲರು ಎಂದೋ ಹೇಳುತ್ತಿದ್ದರು.

ಮುಂದಿನ ಎರಡು ವಾರ ಅವನು ಮಾಡಿದ್ದನ್ನು ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ. ಏನೂ ಮಾಡಲಿಲ್ಲ. ವಕೀಲರಿಗೆ ಬರೆದೆಯಾ ಎಂದು ಕೇಳಿದರೆ ಬರೆಯುತ್ತೇನೆ ಅಂದ. ಮರುವಾರ ಕೇಳಿದರೆ, ನಡೆಯುತ್ತಿರುವ ಫೈಲನ್ನು ಮುಟ್ಟಿದರೆ ರಿಸ್ಕು ಅಂದ. ಹತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವನಿಗೆ ತನ್ನ ಮನೆಯ ಉತ್ತರ ತಿಳಿದುಕೊಳ್ಳಲು ಭಯ. ಸೆಪ್ಟೆಂಬರ್ ಒಂದು ಹತ್ತಿರವಾಗುತ್ತಿತ್ತು. ಕೊನೆಗೆ ನಾನೇ ರೆಸ್ಟನ್ನಿನಲ್ಲಿ ಬೇರೊಬ್ಬ ವಕೀಲೆಯ ಬಳಿ ಸಮಯ ತೆಗೆದುಕೊಂಡು, ಯಾಮಿನಿಯನ್ನು ಕಾರಿನಲ್ಲಿ ಕೂರಿಸಿದೆ. ಪ್ರತಾಪ ಫೈಲು ಹಿಡಿದು ಹಿಂದಿನ ಸೀಟಿನಲ್ಲಿ ಕೂತ.

ವಕೀಲೆಗೆ ನನ್ನಷ್ಟೇ ವಯಸ್ಸು, ಬಿಳಿಕೂದಲು. ಮೂರು ನಿಮಿಷ ಹಾಳೆ ತಿರುಗಿಸಿದಳು. ಮದುವೆಯಾದಾಗಿನಿಂದ ಸಲ್ಲಿಸಿದ ಪ್ರತಿ ಅರ್ಜಿಯಲ್ಲೂ ಹೆಂಡತಿ ಹುಟ್ಟಿದ ದೇಶ ಎಂಬ ಪ್ರಶ್ನೆ ಇತ್ತು. ಪ್ರತಿ ಸಲವೂ ಅದರ ಮುಂದೆ ಇಂಗ್ಲೆಂಡು ಎಂದೇ ತುಂಬಿತ್ತು. ಇದನ್ನು ತುಂಬಿದ್ದು ಯಾರು ಎಂದು ಕೇಳಿದಳು. ನಾನೇ ಎಂದ ಪ್ರತಾಪ. ಅವಳು ಇನ್ನೊಂದು ಹಾಳೆ ತಿರುಗಿಸಿದಳು. ಹೆಂಡತಿಯ ದೇಶದ ಸರತಿಯಲ್ಲಿ ನಿಮ್ಮ ದಿನಾಂಕ ಎಂದೋ ದಾಟಿದೆ, ಈಗಲೇ ಇಬ್ಬರೂ ಅರ್ಜಿ ಹಾಕಬಹುದು, ಅದರ ಜೊತೆಗೇ ಕೆಲಸದ ಕಾರ್ಡಿಗೂ ಹಾಕಬಹುದು, ಅದು ಬೇಸಿಗೆ ಮುಗಿಯುವುದರೊಳಗೆ ಬರುವ ಸಾಧ್ಯತೆ ಚೆನ್ನಾಗಿದೆ ಎಂದಳು.

ಯಾಮಿನಿ ಒಂದೇ ಪ್ರಶ್ನೆ ಕೇಳಿದಳು. ಇದನ್ನು ಯಾವಾಗಿನಿಂದ ಮಾಡಬಹುದಿತ್ತು?

ವಕೀಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ನೀವು ಹೆಂಡತಿಯಾಗಿ ಈ ದೇಶಕ್ಕೆ ಬಂದ ದಿನದಿಂದ ಎಂದಳು.

ವಾಪಸು ಬರುವಾಗ, ಆಲ್ಡಿಯ ತಿರುವು ಬಂದಾಗ ಹಿಂದಿನಿಂದ ಪ್ರತಾಪ ಬಾಯಿಬಿಟ್ಟ. “ಎಲ್ರೂ ಮಿಸ್ ಮಾಡಿದ್ರು ಯಾಮಿನಿ. ಲಾಯರ್ಸ್ ಕೂಡ ಮಿಸ್ ಮಾಡಿದ್ರು.”

ಯಾಮಿನಿ ತಿರುಗಿ ನೋಡಲಿಲ್ಲ. “ನೀನು ಬೇಕೆಂದೇ ಮಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು, ಪ್ರತಾಪ,” ಎಂದಳು. “ನಿನಗೆ ಹೊಳೆಯಲೇ ಇಲ್ಲವಲ್ಲ. ಅದನ್ನು ನಾನು ಏನು ಮಾಡಲಿ?”

ಆ ಮಾತು ನನಗೂ ತಗುಲಿತು. ಅವಳು ಲೆಸ್ಟರಿನವಳು ಎಂದು 2020ರಲ್ಲೇ ನನಗೆ ತಿಳಿದಿತ್ತು, ಸರತಿಯ ಗೋಳನ್ನೂ ತಿಂಗಳು ತಿಂಗಳು ಕೇಳಿದ್ದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ನನಗೆ ನಾಲ್ಕು ವರ್ಷ ಬೇಕಾಯಿತು. ಅವಳು ಸೀರೆ ಉಟ್ಟು, ಅಜ್ಜಿಯ ಕನ್ನಡ ಮಾತಾಡಿ, ಹುಳಿ ಬಡಿಸುತ್ತಿದ್ದಳು. ನಮ್ಮವಳು ಎಂದಮೇಲೆ ನಮ್ಮ ಸರತಿಯಲ್ಲೇ ಇರಬೇಕಲ್ಲ ಎಂದು ನಾವೆಲ್ಲ ಕೇಳದೆಯೇ ಒಪ್ಪಿಕೊಂಡಿದ್ದೆವು.

ಆಮೇಲೆ ಪ್ರತಾಪ ಕತ್ತೆಯಂತೆ ದುಡಿದ, ಅದನ್ನು ಒಪ್ಪಬೇಕು. ಲೆಸ್ಟರಿನಿಂದ ಮಾವ ಕಳಿಸಿದ ಜನನಪತ್ರ, ವೈದ್ಯಕೀಯ ತಪಾಸಣೆ, ಫೋಟೋ, ಎಲ್ಲವನ್ನೂ ಹದಿನೆಂಟು ದಿನದಲ್ಲಿ ಹೊಂದಿಸಿ ಮೇ ತಿಂಗಳಲ್ಲಿ ಅರ್ಜಿ ಕಳಿಸಿದ. ಪ್ರತಿ ಹಾಳೆಯನ್ನೂ ಯಾಮಿನಿ ಕೂತು ಓದಿದಳು. ಆಮೇಲೆ ಜೂನು, ಜುಲೈ. ಅಟ್ಲಾಂಟಾದವರು ಎರಡು ಸಲ ವಿಚಾರಿಸಿ ಬರೆದರು. ದಿನಾ ಮಧ್ಯಾಹ್ನ ಅಂಚೆ ವ್ಯಾನು ಬರುವ ಹೊತ್ತಿಗೆ ಅವಳು ಗಿಡಕ್ಕೆ ನೀರು ಹಾಕುವ ನೆಪದಲ್ಲಿ ಹೊರಗೆ ನಿಂತಿರುತ್ತಿದ್ದಳು. ಆ ಬೇಸಿಗೆಯಲ್ಲಿ ಅವರ ಗುಲಾಬಿ ಗಿಡ ಕೊಳೆತು ಸತ್ತಿತು. ಆಗಸ್ಟ್ ಹದಿಮೂರಕ್ಕೆ ಕೆಲಸದ ಕಾರ್ಡು ಬಂತು, ಐದು ವರ್ಷದ ಆಯಸ್ಸಿನದು.

ಆ ಸಂಜೆ ಪ್ರತಾಪ ಗುಂಪಿನಲ್ಲಿ ಬರೆದ, ಎಲ್ಲರೂ ಹೆಂಡತಿ ಹುಟ್ಟಿದ ದೇಶವನ್ನು ಪರೀಕ್ಷಿಸಿಕೊಳ್ಳಿ, ಬಹಳ ಜನಕ್ಕೆ ಈ ಪಾಯಿಂಟ್ ಗೊತ್ತಿಲ್ಲ ಎಂದು. ನಲವತ್ತು ಹೆಬ್ಬೆರಳು ಬಂದವು. ಚಿರಂತನ್ ಎಂಬ ಪುಣ್ಯಾತ್ಮ, ಪ್ರತಾಪ್ ನೀನು ಲೆಜೆಂಡ್ ಎಂದು ಬರೆದ. ನಾನು ಗುಂಪಿನಿಂದ ಹೊರಗೆ ಬಂದೆ. ಮತ್ತೆ ಸೇರಿಸಿದರು, ಮತ್ತೆ ಹೊರಬಂದೆ.

ಸೆಪ್ಟೆಂಬರಿನಲ್ಲಿ ಯಾಮಿನಿ ಅಟ್ಲಾಂಟಾಕ್ಕೆ ಹೋದಳು. ಅಲ್ಲಿ ಒಂದು ಸಣ್ಣ ಮನೆ ಹಿಡಿದಿದ್ದಾಳೆ. ಪ್ರತಾಪ ಶುಕ್ರವಾರ ಕೆಲಸ ಮುಗಿಸಿ ವಿಮಾನ ಹತ್ತುತ್ತಾನೆ, ಕೆಲವು ಶುಕ್ರವಾರ ಬರಬೇಡ ಅಂತಾಳಂತೆ, ಆಗ ನನ್ನ ಮನೆಗೆ ಬಂದು ಕಾಫಿ ಕುಡಿದು ಸುಮ್ಮನೆ ಕೂತು ಹೋಗುತ್ತಾನೆ. ನಾನು ಬಿಸ್ಕತ್ತು ಕೊಡುವುದಿಲ್ಲ.

ಚಿತ್ರೀಕರಣದ ಮೊದಲ ದಿನ ಮುಗಿಸಿ ಅವಳು ನನಗೆ ಫೋನ್ ಮಾಡಿದಳು. ಕೆಲಸ ಚೆನ್ನಾಗಿತ್ತಂತೆ. ನಿರ್ದೇಶಕ ಎರಡೇ ಟೇಕಿಗೆ ಸಾಕು ಅಂದನಂತೆ. ತಲೆಗೆ ಬಿಳಿ ಬಣ್ಣ ಹಚ್ಚಲು ಒಂದು ಗಂಟೆ ಕೂರಿಸಿದರಂತೆ. ಯಾಕೆ ಬಿಳಿ ಎಂದೆ. ನಾಯಕಿಯ ತಾಯಿಯ ಪಾತ್ರ, ಹೇಳಿರಲಿಲ್ಲವೇ ಅಂದಳು. ಇರಲಿ ಬಿಡು, ಒಳ್ಳೆಯ ಪಾತ್ರ ತಾನೇ ಎಂದೆ. ಹೌದು, ತುಂಬಾ ಒಳ್ಳೆಯ ಪಾತ್ರ ಎಂದಳು.

“ನನ್ನ ಮಗಳಾಗಿ ಮಾಡುವವಳಿಗೆ ಮೂವತ್ತಮೂರು, ರಾಜಕ್ಕ,” ಎಂದಳು. “ನಾನು ವರ್ಜೀನಿಯಾಕ್ಕೆ ಬಂದಾಗ ನನಗೂ ಅಷ್ಟೇ ಆಗಿತ್ತು.”